ಗಿರಿಜಾ ಮಿಸ್ ತಡಮಾಡಿದ ಎಂಟು ತಿಂಗಳು

ಗಿರಿಜಾ ಮಿಸ್ ಬೆಳಿಗ್ಗೆ ಹಾಲಿಗೆ ಹೊರಟರೆಂದರೆ ಅವರ ಮುಂದೆ ಮಗುವಿಲ್ಲದ ಮಕ್ಕಳ ತಳ್ಳುಗಾಡಿಯೊಂದು ಇರುತ್ತಿತ್ತು. ನನ್ನ ಮಗಳು ದೊಡ್ಡವಳಾದ ಮೇಲೆ ಮೆಟ್ಟಿಲ ಕೆಳಗೆ ಬಿದ್ದಿದ್ದ ಗಾಡಿ ಅದು. ಅವರೇ ಕೇಳಿ ಪಡೆದಿದ್ದರು. ಅದರ ಹಿಡಿಯ ಮೇಲೆ ಮೈಭಾರ ಹಾಕಿ, ಮುಂದಕ್ಕೆ ಬಾಗಿ ನಡೆದರೆ ಬಸವೇಶ್ವರನಗರದ ನಾಲ್ಕು ರಸ್ತೆ ಸುತ್ತಬಲ್ಲರು. ನೆಟ್ಟಗೆ ನಡೆದರೆ ಐವತ್ತು ಹೆಜ್ಜೆಗೇ ಕಾಲು ಜೋಮು ಹಿಡಿದು ಯಾರದೋ ಗೇಟಿನ ಪಕ್ಕ ಕೂತುಬಿಡುವರು. ನೋಡಿ ನಕ್ಕವರಿಗೆ, "ಒಳಗ ನನ್ನ ವಯಸ್ಸು ಮಲಗೈತಿ, ಎಬ್ಬಿಸಬ್ಯಾಡ್ರಿ" ಎನ್ನುವರು.

ಅವರದು ದಾವಣಗೆರೆ ಕಡೆ. ಇಲ್ಲೇ ಪಕ್ಕದ ವಿಜಯನಗರದ ಶಾಲೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಗಣಿತ ಕಲಿಸಿದವರು, ಒಂದು ದಿನವೂ ಕುರ್ಚಿಯಲ್ಲಿ ಕೂತು ಪಾಠ ಮಾಡಲಿಲ್ಲವಂತೆ. ಮದುವೆಯಾಗಿರಲಿಲ್ಲ. ಕೆಳಗೆ ಅವರು, ಮೇಲಿನ ಬಾಡಿಗೆ ಮನೆಯಲ್ಲಿ ನಾನು ಮತ್ತು ಮಗಳು. ನಾನು ಆಫೀಸಿನಿಂದ ಬರುವಷ್ಟರಲ್ಲಿ ಅವಳಿಗೆ ಮಿಸ್ ಮನೆಯಲ್ಲಿ ರೊಟ್ಟಿ, ಭಾಗಾಕಾರ ಎರಡೂ ಆಗಿರುತ್ತಿದ್ದವು.

ಅವರಿಗೆ ಎಪ್ಪತ್ತಾರಾಗಿದ್ದಾಗ ನಾನೇ ಅವರನ್ನು ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಸ್ಕ್ಯಾನ್ ತೋರಿಸಿ, "ಸೊಂಟದಲ್ಲಿ ನರ ಹಾಯೋ ದಾರಿ ಕಿರಿದಾಗಿದೆ. ಬಗ್ಗಿದಾಗ ಸ್ವಲ್ಪ ಜಾಗ ಸಿಗುತ್ತೆ, ಅದಕ್ಕೇ ಆರಾಮ. ಮಾತ್ರೆ, ವ್ಯಾಯಾಮ ಎಲ್ಲಾ ನೋಡಿದ್ದಾಯ್ತು. ಎಂಡೋಸ್ಕೋಪಿಯಲ್ಲಿ, ಅಂದ್ರೆ ಸಣ್ಣ ಕೊಳವೆ ತೂರಿಸಿ ಆಪರೇಷನ್ ಮಾಡೋಣ. ಉಗುರಿನಷ್ಟು ಗಾಯ, ಮಾರನೇ ದಿನ ಎದ್ದು ಓಡಾಡಬಹುದು" ಎಂದರು.

ಆಟೋದಲ್ಲಿ ಮಿಸ್ ಕೇಳಿದರು, "ನೀ ಏನಂತಿ?"

"ಬೇಡ ಮಿಸ್. ಬೆನ್ನಿಗೆ ಮಾತ್ರ ಕತ್ತರಿ ಹಾಕಿಸ್ಕೋಬೇಡಿ."

ಇಪ್ಪತ್ತು ವರ್ಷದ ಹಿಂದೆ ನನ್ನಪ್ಪನ ಬೆನ್ನನ್ನು ಉದ್ದಕ್ಕೆ ಕುಯ್ದಿದ್ದರು. ಆಮೇಲೆ ಅವರು ಹಾಸಿಗೆ ಬಿಟ್ಟು ಏಳಲಿಲ್ಲ. ಅದಕ್ಕೂ ಇದಕ್ಕೂ ಏನು ವ್ಯತ್ಯಾಸವೆಂದು ಡಾಕ್ಟರನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

"ನೀ ಬ್ಯಾಡ ಅಂದ್ರ ಬ್ಯಾಡ ಬಿಡು" ಎಂದರು ಮಿಸ್.

ಎಂಟು ತಿಂಗಳು ಹಾಗೇ ಕಳೆಯಿತು. ಒಂದು ಬೆಳಿಗ್ಗೆ ಹಾಲು ತಂದು ಗೇಟು ತೆರೆದವರನ್ನು ನೋಡಿ, "ಮಿಸ್, ಬಲಗಾಲಿನ ಚಪ್ಪಲಿ ಎಲ್ಲಿ?" ಎಂದೆ. ಅವರು ಬಗ್ಗಿ ನೋಡಿಕೊಂಡರು.

"ಕಳಚಿದ್ದು ಗೊತ್ತೇ ಆಗ್ಲಿಲ್ಲಲ್ಲೇ!"

ಚಪ್ಪಲಿ ನಾಲ್ಕು ಮನೆ ಆಚೆ ಬಿದ್ದಿತ್ತು. ಆ ಪಾದವನ್ನು ಮೇಲಕ್ಕೆತ್ತಲು ಅವರಿಗೆ ಆಗುತ್ತಿರಲಿಲ್ಲ.

ಅಂದೇ ಡಾಕ್ಟರ ಮುಂದೆ ಕೂತೆವು. ಅವರು ಪಾದ ಒತ್ತಿ ನೋಡಿ, "ಆಗಲೇ ಹೇಳಿದ್ನಲ್ಲಮ್ಮಾ, ಯಾಕೆ ತಡ ಮಾಡಿದ್ರಿ?" ಎಂದರು. ನಾನು ಏನಾದರೂ ಹೇಳುವ ಮೊದಲೇ ಮಿಸ್, "ನಾನೇ ಹೆದರ್ಕೊಂಡೆ ರೀ, ಡಾಕ್ಟ್ರೇ" ಎಂದರು. ನನ್ನ ಕಡೆ ನೋಡಲೂ ಇಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಸೊಂಟದ ಕೆಳಗಷ್ಟೇ ಮರಗಟ್ಟಿಸಿದ್ದರು, ಮಾತಾಡುತ್ತಲೇ ಹೊರಬಂದರು. ಮಾರನೇ ದಿನ ಕೋಣೆಯಲ್ಲಿ ನೆಟ್ಟಗೆ ನಿಂತಾಗ ಅವರು ನನಗಿಂತ ಎತ್ತರ ಎಂಬುದೇ ನನಗೆ ಹೊಸದಾಗಿ ಗೊತ್ತಾಯಿತು. ಕಾಲಿನ ನೋವು ಹೋಯಿತು. ಪಾದ ಮಾತ್ರ ಮರಳಲಿಲ್ಲ. ಆರು ತಿಂಗಳು ಫಿಸಿಯೋಥೆರಪಿ ಮಾಡಿಸಿದರೂ ಟಪ್, ಟಪ್ ಎಂದು ನೆಲಕ್ಕೆ ಬಡಿಯುತ್ತಲೇ ಇತ್ತು. ಮೇಲಿನ ಮನೆಯಲ್ಲಿ ಕೂತು ಆ ಸದ್ದು ಕೇಳುವಾಗ ನನಗೆ ಊಟ ಸೇರುತ್ತಿರಲಿಲ್ಲ. ಎರಡು ಸಲ ಫುಟ್‌ಪಾತಿನಲ್ಲಿ ಬಿದ್ದ ಮೇಲೆ ಅವರ ತಮ್ಮನ ಮಗಳು ಬಂದು ದಾವಣಗೆರೆಗೆ ಕರೆದುಕೊಂಡು ಹೋಗಲು ನಿಂತಳು.

ಹೊರಡುವ ದಿನ ಸೀರೆ ಮಡಿಸಿಕೊಡುತ್ತಾ ಹೇಳಿಯೇಬಿಟ್ಟೆ: "ನಾನು ಬೇಡ ಅನ್ನದಿದ್ರೆ ನಿಮ್ಮ ಪಾದ ಉಳೀತಿತ್ತು ಮಿಸ್."

ಅವರು ಸೆರಗು ಸರಿಮಾಡಿಕೊಂಡರು. "ನಾ ತಡ ಮಾಡಿದ್ದು ನಿನ್ನ ಮಾತಿಗಲ್ಲ ಕಣೇ. ನನಗ ಬ್ಯಾಡ ಅನ್ನೋರು ಒಬ್ರು ಬೇಕಾಗಿತ್ತು. ನೀ ಸಿಕ್ಕಿ."

ಅದು ನಿಜವೋ, ನನ್ನ ಸಮಾಧಾನಕ್ಕೆ ಆಡಿದ ಮಾತೋ ತಿಳಿಯಲಿಲ್ಲ. ಮಗಳ ಪರೀಕ್ಷೆ ಮುಗಿಯಲಿ, ಹೋಗಿ ಎದುರು ಕೂತು ಕೇಳೋಣವೆಂದುಕೊಂಡೆ. ಪರೀಕ್ಷೆ ಮುಗಿಯುವ ಮೊದಲೇ ಮಿಸ್ ಹೃದಯಾಘಾತದಿಂದ ಹೋದ ಸುದ್ದಿ ಬಂತು. ದಾವಣಗೆರೆಗೆ ಓಡಿದೆ. ಅವರ ತಮ್ಮನ ಮಗಳು ನನ್ನ ಕೈಹಿಡಿದು ಅತ್ತಳು.

"ನೀವು ಬರ್ತೀರಿ ಅಂತ ದಿನಾ ಹೇಳ್ತಿದ್ರು ಅಕ್ಕಾ. ನಿಮಗೇನೋ ಹೇಳೋದೈತಿ ಅಂತಿದ್ರು."