ಹದಿನೇಳನೇ ನಂಬರಿನ ಕಾಕಾ

ಈಗ ಮುಂಬಯಿಯ ಮಲಾಡಿನ ಆಫೀಸಿನಲ್ಲಿ ಕೂತು ನಾನು ಕೆಲಸ ಮಾಡುವ ಕಂಪ್ಯೂಟರ್ ಯಾವ ಊರಿನಲ್ಲಿದೆ ಎಂಬುದು ನನಗೆ ಗೊತ್ತಿಲ್ಲ. ಗೊತ್ತಾಗುವ ಅಗತ್ಯವೂ ಬಿದ್ದಿಲ್ಲ. ಆದರೆ ಮೊದಲ ಸಲ ಹೀಗೆ ದೂರದಿಂದ ಕೆಲಸ ಮಾಡಿದಾಗ ಆ ಕಂಪ್ಯೂಟರ್ ಯಾವ ಕಿಟಕಿಯ ಪಕ್ಕದಲ್ಲಿದೆ, ಅದರ ಕುರ್ಚಿಯ ಯಾವ ಕೈ ಮುರಿದಿದೆ ಎಂಬುದೆಲ್ಲ ಗೊತ್ತಿತ್ತು.

ಎಂ.ಎಸ್‌ಸಿ. ಕೊನೆಯ ವರ್ಷದಲ್ಲಿದ್ದಾಗ ಲಾಕ್‌ಡೌನ್ ಬಂತು. ವಡಾಲದ ನಮ್ಮ ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ. ಅಪ್ಪ ಬಂದರಿನ ಗೋದಾಮಿನಲ್ಲಿ ಗುಮಾಸ್ತರಾದ್ದರಿಂದ ಅವರ ಕೆಲಸ ನಿಲ್ಲಲಿಲ್ಲ. ಅವ್ವ ಮತ್ತು ನಾನು ದಿನವಿಡೀ ಮನೆಯಲ್ಲಿ. ಜೋರು ಮಳೆ ಬಂದರೆ ಮುಂಬಯಿಯಲ್ಲಿ ನೀರು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ನಕ್ಷೆಯಲ್ಲಿ ತೋರಿಸುವುದು ನನ್ನ ಪ್ರಾಜೆಕ್ಟು. ಅದಕ್ಕೆ ಬೇಕಾದ ಸಾಫ್ಟ್‌ವೇರ್ ಇದ್ದದ್ದು ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಮಾತ್ರ. ಗೈಡ್ ಮೇಡಂ ಪಾಸ್‌ವರ್ಡ್ ಕಳಿಸಿ, ಮನೆಯಿಂದಲೇ ಲ್ಯಾಬಿನ ಹದಿನೇಳನೇ ಕಂಪ್ಯೂಟರಿಗೆ ಸೇರಿಕೊಳ್ಳುವುದನ್ನು ಹೇಳಿಕೊಟ್ಟರು. ಮೊದಲ ದಿನ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಅದರ ಪರದೆ ಮೂಡಿದಾಗ ಅವ್ವ ಬೆನ್ನ ಹಿಂದೆ ಬಂದು ನಿಂತಳು.

"ಅಲ್ಲಿ ಯಾರೂ ಇಲ್ಲ ಅಂತೀ, ಮತ್ತ ಆ ಬಾಣ ಹೆಂಗ ಓಡಾಡತೈತಿ?"

"ಇಲ್ಲಿಂದ ನಾನ ಓಡಾಡಸಾಕತ್ತೀನಿ, ಅವ್ವಾ."

"ಹಂಗಾದ್ರ ಆ ಕೋಣಿಗೆ ಬೀಗ ಯಾಕ ಹಾಕ್ಯಾರ?"

ನಾನು ನಕ್ಕು ಬಾಣವನ್ನು ಇನ್ನೊಂದು ಸುತ್ತು ಓಡಾಡಿಸಿದೆ.

ವಾರದೊಳಗೆ ಲ್ಯಾಬಿನಲ್ಲಿ ಕರೆಂಟು ಹೋಗಿ ಕಂಪ್ಯೂಟರ್ ಆರಿತು. ದೂರದಿಂದ ಏನೆಲ್ಲ ಮಾಡಬಹುದಿತ್ತು, ಆದರೆ ಆರಿದ್ದನ್ನು ಹೊತ್ತಿಸುವಂತಿರಲಿಲ್ಲ. ಮೇಡಂ ಲ್ಯಾಬಿನ ಅಟೆಂಡರರ ನಂಬರ್ ಕೊಟ್ಟರು. ಅವರು ಕ್ಯಾಂಪಸ್ಸಿನ ಕ್ವಾರ್ಟರ್ಸಿನಲ್ಲೇ ಇದ್ದವರು, ನಿವೃತ್ತಿಗೆ ಹತ್ತಿರವಾದವರು. ಎರಡು ವರ್ಷ ದಿನವೂ ನೋಡಿದ್ದರೂ ಎಸಿ ಹಾಕಿ, ಬಾಗಿಲು ತೆಗೆಯಿರಿ ಎಂಬುದರಾಚೆ ನಾವು ಮಾತಾಡಿರಲಿಲ್ಲ. ಅದೂ ಹಿಂದಿಯಲ್ಲಿ.

"ಕಾಕಾ, ಸತ್ರಾ ನಂಬರ್ ಬಂದ್ ಹೋ ಗಯಾ," ಎಂದು ಹದಿನೇಳನೇದು ಆರಿದ್ದನ್ನು ಹೇಳುತ್ತಿದ್ದಾಗ ಬಚ್ಚಲಿನಿಂದ ಅವ್ವ ಕೂಗಿದಳು: "ಹಾಲು ಉಕ್ಕತೈತಿ ನೋಡ, ಗ್ಯಾಸ್ ಆರಸು!"

ಆ ಕಡೆಯಿಂದ ಕನ್ನಡದಲ್ಲಿ ಉತ್ತರ ಬಂತು: "ಮೊದಲ ಹಾಲು ಇಳಿಸಿ ಬಾ ತಂಗಿ. ನಾ ಫೋನ್ ಹಿಡದಿರ್ತೀನಿ."

ಉತ್ತರ ಕರ್ನಾಟಕದ ಇಂಡಿ ಕಡೆಯವರಂತೆ. ಎರಡು ವರ್ಷ ಹಿಂದಿಯಲ್ಲಿ ಮಾತಾಡಿದ್ದಕ್ಕೆ ಇಬ್ಬರೂ ನಾಚಿಕೊಂಡೆವು. ಅವ್ವ ಫೋನ್ ಕಸಿದುಕೊಂಡು ಅವರ ಊರು, ಬಳಗ ಎಲ್ಲ ವಿಚಾರಿಸಿದ ಮೇಲೇ ಅವರು ಹೋಗಿ ಸ್ವಿಚ್ ಹಾಕಿದ್ದು.

ಒಂದು ಮಧ್ಯಾಹ್ನ ನಾನು ಕೆಲಸ ಮಾಡುತ್ತಿದ್ದಾಗ ಪರದೆಯ ಮೇಲೆ ತಾವಾಗಿಯೇ ಅಕ್ಷರಗಳು ಸಾಲುಗಟ್ಟಿದವು. ಅರ್ಥವಿಲ್ಲದ ಅಕ್ಷರಗಳು. ಯಾರೋ ಒಳಗೆ ನುಗ್ಗಿದ್ದಾರೆ ಎಂದುಕೊಂಡೆ. ಕಾಕಾಗೆ ಫೋನ್ ಮಾಡಿದೆ.

"ನಾನs ಅದೀನಿ ತಂಗಿ, ಧೂಳು ಒರಸಾಕತ್ತೀನಿ. ಯಾಕ, ನಿನಗ ಕಾಣಸ್ತೇನು?"

"ನೀವು ಒತ್ತಿದ್ದೆಲ್ಲಾ ಇಲ್ಲಿ ಕಾಣಸ್ತೈತ್ರೀ!"

ಇಷ್ಟು ವರ್ಷ ಆ ಕೀಲಿಮಣೆಗಳನ್ನು ಒರೆಸಿದ್ದರೇ ಹೊರತು ಒಂದು ಅಕ್ಷರವನ್ನೂ ಬೇಕೆಂದು ಒತ್ತಿದವರಲ್ಲವಂತೆ. ಕೂತುಕೊಳ್ಳಿ ಎಂದೆ. ಕನ್ನಡದಲ್ಲಿ ಬರೆಯುವ ಒಂದು ಪುಟ ತೆರೆದುಕೊಟ್ಟು, ಫೋನಿನಲ್ಲಿ ಒಂದೊಂದೇ ಕೀಲಿ ಹೇಳಿದೆ. ಬಹಳ ಹೊತ್ತಿನ ಮೇಲೆ ಪರದೆಯಲ್ಲಿ "ಚಾ ಆತು" ಎಂದು ಮೂಡಿತು. ಅದರ ಕೆಳಗೆ ನಾನು "ನಮ್ದೂ ಆತು" ಎಂದು ಬರೆದೆ. ಅಂದಿನಿಂದ ದಿನವೂ ನಾಲ್ಕು ಗಂಟೆಗೆ ಹದಿನೇಳನೇ ನಂಬರಿನಲ್ಲಿ ಇಬ್ಬರೂ ಕೂಡುತ್ತಿದ್ದೆವು. ಅವರು ಅಲ್ಲಿ ಮುರಿದ ಕುರ್ಚಿಯಲ್ಲಿ, ನಾನು ಇಲ್ಲಿ ನೆಲದ ಮೇಲೆ.

ಹಾಗೆ ಕೂತಾಗಲೇ ಒಂದು ದಿನ ನಕ್ಷೆಯಲ್ಲಿ ನೀಲಿ ಬಣ್ಣ ಏನೆಂದು ಕೇಳಿದರು. ನಿಂತ ನೀರು ಎಂದೆ. ಗೋರೆಗಾಂವ್ ತೋರಿಸು ಎಂದರು. ತೋರಿಸಿದೆ. ಬಾಣ ತಡವರಿಸುತ್ತ ಹೋಗಿ ನೀಲಿಯಿಲ್ಲದ ಒಂದು ಜಾಗದಲ್ಲಿ ನಿಂತಿತು.

"ಇಲ್ಲಿ ನೀರು ನಿಲ್ಲಾಕs ಬೇಕು. ಈ ಬಿಲ್ಡಿಂಗಿಗೆ ನಾ ಕಲ್ಲು ಹೊತ್ತೀನಿ. ಇದರ ಬುಡದಾಗ ನಾಲಾ ಇತ್ತು. ನಾವs ಮುಚ್ಚಿದ್ವಿ."

ಮುಂಬಯಿಗೆ ಬಂದ ಹೊಸತರಲ್ಲಿ ಅವರು ಕಟ್ಟಡ ಕೂಲಿಯಾಗಿದ್ದರಂತೆ. ನಾನು ಅರೆಮನಸ್ಸಿನಿಂದಲೇ ಹಳೆಯ ನಕ್ಷೆಗಳನ್ನು ತರಿಸಿ ನೋಡಿದೆ. ಎರಡು ದಿನ ಹುಡುಕಿದ ಮೇಲೆ ಒಂದರಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಸಿಕ್ಕಿತು, ಅವರು ಬಾಣ ನಿಲ್ಲಿಸಿದ್ದ ಜಾಗದಲ್ಲೇ. ಅದನ್ನು ಸೇರಿಸಿ ಮತ್ತೆ ಎಲ್ಲವನ್ನೂ ಓಡಿಸಿದಾಗ ಅಲ್ಲಿ ನೀಲಿ ಹರಡಿತು. ಮೇಡಂಗೆ ಹೇಳಿದೆ. "ಇದನ್ನ ಯಾರು ಹಿಡಿದದ್ದು?" ಎಂದು ಕೇಳಿದರು. ಲ್ಯಾಬಿನ ಕಾಕಾ ಎಂದೆ. "ಹಾಗಾದರೆ ಅವರ ಹೆಸರು ಹಾಕು," ಎಂದರು.

ಹದಿನೇಳನೇ ನಂಬರಿನಲ್ಲಿ ಪ್ರಾಜೆಕ್ಟಿನ ವರದಿಯ ಕೃತಜ್ಞತೆಯ ಪುಟ ತೆರೆದು ಕಾಕಾಗೆ ಫೋನ್ ಮಾಡಿದೆ. "ಹೆಸರು ನೀವs ಬರೀರಿ."

"ನನ್ನ ಹೆಸರು ಯಾಕ ಬೇಕವ್ವಾ, ದೊಡ್ಡ ದೊಡ್ಡ ಮಂದಿ ನಡುವ?"

"ಬರೀರಿ ಕಾಕಾ."

ಒಂದೇ ಬೆರಳಿನಿಂದ ಬರೆದರು. ಒಂದು ಒತ್ತಕ್ಷರ ತಪ್ಪಿತು, ಅಳಿಸಿದರು, ಮತ್ತೆ ಬರೆದರು. ನಾನು ಕೈ ಕಟ್ಟಿಕೊಂಡು ನೋಡುತ್ತಿದ್ದೆ. ಇಂಗ್ಲಿಷ್ ಸಾಲುಗಳ ನಡುವೆ ಅವರ ಹೆಸರೊಂದೇ ಕನ್ನಡದಲ್ಲಿ ಉಳಿಯಿತು.

ಕ್ಯಾಂಪಸ್ ತೆರೆದ ವಾರ ಬೈಂಡ್ ಮಾಡಿಸಿದ ಒಂದು ಪ್ರತಿ ಹಿಡಿದು ಹೋದೆ. ಅಷ್ಟು ತಿಂಗಳು ಫೋನಿನಲ್ಲಿ ಮಾತಾಡಿದವರ ಕೈಗೆ ಅದನ್ನು ಕೊಟ್ಟೆ. ಕಾಕಾ ಮಾಸ್ಕ್ ಗದ್ದಕ್ಕಿಳಿಸಿ ಹೆಸರಿದ್ದ ಪುಟ ತೆರೆದು, ತೋಳುದ್ದ ದೂರ ಹಿಡಿದು ನೋಡಿದರು.

"ಅಕ್ಷರ ಭಾಳ ಸಣ್ಣವಾಗ್ಯಾವ," ಎಂದರು. ಕಣ್ಣು ಒರೆಸಿಕೊಂಡದ್ದನ್ನು ನಾನು ಕಾಣದವಳಂತೆ ಕಿಟಕಿಯ ಕಡೆ ತಿರುಗಿದೆ. ಅವರು ಪುಸ್ತಕವನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಂಕುಳಿಗಿಟ್ಟುಕೊಂಡು, ಲ್ಯಾಬಿಗೆ ಬೀಗ ಹಾಕಿ, ನನ್ನನ್ನು ಊಟಕ್ಕೆ ತಮ್ಮ ಕ್ವಾರ್ಟರ್ಸಿಗೆ ಕರೆದೊಯ್ದರು.