ಗೆಜ್ಜೆವಸ್ತ್ರದ ಗುರುತು

ಹನ್ನೊಂದು ವರ್ಷದ ಹಿಂದೆ ಬ್ಯಾಂಕಿನ ಕ್ವಾರ್ಟರ್ಸ್ ಬಿಟ್ಟು ನುಂಗಂಬಾಕ್ಕಂನ ಮನೆಗೆ ಬಂದಾಗ, ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಲಕ್ಷ್ಮಿಯ ಬೆಳ್ಳಿ ಮುಖವಾಡ ಕಾಣೆಯಾಗಿತ್ತು. "ಲಕ್ಷ್ಮೀನ ಕಳೆದ ಕೈ ಅದು, ಇನ್ನು ಕಳಶ ಮುಟ್ಟೋದು ಬೇಡ" ಎಂದುಬಿಟ್ಟರು ಅಂಬುಜಾಳ ಅತ್ತೆ. ಅಂದಿನಿಂದ ವರಮಹಾಲಕ್ಷ್ಮಿ ವ್ರತಕ್ಕೆ ಅಂಬುಜಾಳ ಮನೆಯಲ್ಲಿ ಕಳಶ ಇಡಲು ಬೆಸೆಂಟ್ ನಗರದಿಂದ ಗಂಡನ ಅಕ್ಕ ಜಾನಕಮ್ಮ ಬರಬೇಕು. ಅತ್ತೆ ತೀರಿಕೊಂಡು ಆರು ವರ್ಷವಾದರೂ ಈ ಪದ್ಧತಿ ತೀರಲಿಲ್ಲ. ಹೂ ಕಟ್ಟಿ, ಹೋಳಿಗೆ ಮಾಡಿ, ಕೊನೆಗೆ ತನ್ನದೇ ದೇವರ ಕೋಣೆಯ ಹೊಸ್ತಿಲಾಚೆ ಅಂಬುಜಾ ಕೈಕಟ್ಟಿ ನಿಲ್ಲಬೇಕು.

ಈ ಸಲ ವ್ರತಕ್ಕೆ ಹತ್ತು ದಿನ ಇರುವಾಗ ಗಂಡ ಭೋಜರಾಜ ಕಂಪ್ಯೂಟರ್ ಮುಂದಿನಿಂದ ಕೂಗಿದ.

"ಏನೇ, ಬೇಗ ಬಾ! ಯಾರೋ ಫೋಟೋ ಕಳಿಸಿದಾರೆ. ಹೆಸರಿಲ್ಲ, ವಿಷಯ ಇಲ್ಲ."

ಬ್ಯಾಂಕಿನಿಂದ ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಅವನಿಗೆ ಈ-ಮೇಲೇ ಸಂಧ್ಯಾವಂದನೆ. ಅಂಬುಜಾ ಸೌಟು ಹಿಡಿದೇ ಬಂದಳು. ಪರದೆಯ ಮೇಲೆ ಚಿತ್ರ ತಲೆಯಿಂದ ನಿಧಾನವಾಗಿ ಇಳಿಯಿತು. ಹಣೆ, ಕಣ್ಣು, ಕೆಂಪು ಹರಳಿನ ಮೂಗುಬೊಟ್ಟು, ನಜ್ಜಿದ ಎಡಕಿವಿ. ಅದೇ ಮುಖವಾಡ! ಯಾರದೋ ಮನೆಯಲ್ಲಿ ಪೂಜೆಗೊಳ್ಳುತ್ತ ಕೂತಿದೆ.

ಭೋಜರಾಜ ತಕ್ಷಣ 'ಮಹಾಶಯರೇ, ತಾವು ಯಾರು?' ಎಂದು ಉತ್ತರ ಹೊಡೆದ. ಮರುದಿನ 'ಮಾನ್ಯರೇ' ಎಂದ. ಮೂರನೆಯ ದಿನ 'ಎಲವೋ ಕಳ್ಳನೇ, ಪೊಲೀಸರಿಗೆ ತಿಳಿಸುತ್ತೇನೆ' ಎಂದು ಬರೆದ. ಒಂದಕ್ಕೂ ಉತ್ತರವಿಲ್ಲ. ಕಾಲೇಜಿನಿಂದ ಬಂದ ಮಗಳು ಮಧುರಾ ನೋಡಿ ನಕ್ಕಳು.

"ಯಾವುದೋ ಬ್ರೌಸಿಂಗ್ ಸೆಂಟರ್‌ನಿಂದ ಕಳಿಸಿರ್ತಾರೆ. ಅದೆಲ್ಲಾಂ ಕಂಡುಪಿಡಿಕ್ಕ ಮುಡಿಯಾದು, ಮಾ."

"ಮುಡಿಯಾದು, ಮುಡಿಯಾದು! ತಮಿಳು ಬಿಟ್ಟು ಕನ್ನಡದಲ್ಲಾದರೂ ಆಗಲ್ಲ ಅನ್ನು. ಅಷ್ಟು ದುಡ್ಡು ಸುರಿದು ನಿನಗೆ ಕಂಪ್ಯೂಟರ್ ಕಲಿಸಿದ್ದು ಇದಕ್ಕಾ?"

ಅಪ್ಪನೋ ಕಳ್ಳ ಅಂಬತ್ತೂರಿನವನಿರಬೇಕು ಎಂದ. ಯಾಕೆಂದು ಕೇಳಿದರೆ, "ಅಲ್ಲಿ ಫ್ಯಾಕ್ಟರಿ ಜಾಸ್ತಿ" ಎಂದ. ಅಂಬುಜಾ ಹಣೆ ಚಚ್ಚಿಕೊಂಡು, ಇಬ್ಬರನ್ನೂ ಊಟಕ್ಕೆ ಅಟ್ಟಿ, ತಾನೇ ಪರದೆಯ ಮುಂದೆ ಕೂತಳು.

ಮುಖವಾಡವನ್ನು ಬಿಟ್ಟು ಸುತ್ತಲಿದ್ದುದನ್ನು ನೋಡಿದಳು. ದೇವಿಯ ಕೊರಳಲ್ಲಿ ಹತ್ತಿಯ ಗೆಜ್ಜೆವಸ್ತ್ರವಿತ್ತು. ಒಂದು ಕುಂಕುಮದ ಬೊಟ್ಟು, ಒಂದು ಅರಿಶಿನದ ಬೊಟ್ಟು, ಮತ್ತೆ ಕುಂಕುಮ. ಅದು ತಾನೇ ಹೊಸೆದದ್ದು. ಯುಗಾದಿಗೆ ಮುಂಚೆ ಕುಂಕುಮ ಸಾಲದೆ ಬಂದು, ಒಂದೇ ಒಂದು ಎಳೆಗೆ ಹೀಗೆ ಬದಲಿಸಿ ಹಚ್ಚಿದ್ದಳು. ಅದನ್ನು ಕೊಟ್ಟದ್ದು ಜಾನಕಮ್ಮನ ಸೊಸೆ ಭಾವನಾಳ ಕೈಗೆ.

ಅಂದು ಭಾವನಾ ಕೇಳಿದ್ದಳು, "ಅಂಬುಜತ್ತೆ, ನಿಮ್ಮನೆ ಕಳಶ ನೀವೇ ಯಾಕೆ ಇಡಲ್ಲ?" ಅಂಬುಜಾ ಎಲ್ಲ ಹೇಳಿಕೊಂಡಿದ್ದಳು, ನಜ್ಜಿದ ಕಿವಿಯವರೆಗೆ. ಹುಡುಗಿ ಆಗ ಯಾಕೋ ತಲೆ ತಗ್ಗಿಸಿದ್ದಳು.

ಅಂದರೆ ಮುಖವಾಡ ಇರುವುದು ಜಾನಕಮ್ಮನ ಮನೆಯಲ್ಲೇ! ಸಿಟ್ಟು ನೆತ್ತಿಗೇರಿತು. ಈಗಲೇ ಫೋನ್ ಎತ್ತಿ ಬೈದುಬಿಡಲೇ? ಬೈದರೆ ಫೋಟೋದ ಮಾತು ಬರುತ್ತದೆ. ಫೋಟೋ ಎಂದರೆ ಅದನ್ನು ಕಳಿಸಿದ ಭಾವನಾಳ ಹೆಸರು. ನಿಜ ಹೇಳಿದ ಒಬ್ಬಳೇ ಒಬ್ಬಳನ್ನು ಆ ಮನೆಯಲ್ಲಿ ಬಾಳಗೊಡುವುದಿಲ್ಲ. ಹನ್ನೊಂದು ವರ್ಷ ಬೇಡಿಕೊಂಡದ್ದು ಕೈಗೆ ಸಿಕ್ಕಿದೆ, ಬಾಯಿ ಬಿಡುವಂತಿಲ್ಲ. "ಅಮ್ಮಾ ತಾಯಿ, ಇದೆಂಥ ವರ ಕೊಟ್ಟೆ?" ಎಂದು ದೇವರ ಮೇಲೂ ರೇಗಿದಳು.

ಗಂಡನಿಗೂ ಹೇಳಲಿಲ್ಲ. ಶುಕ್ರವಾರ ಬೆಳಿಗ್ಗೆ ಮಲ್ಲಿಗೆ ಹೂ ಹಿಡಿದು, "ನಿಮ್ಮಕ್ಕನ್ನ ವ್ರತಕ್ಕೆ ಕರೆದು ಬರೋಣ" ಎಂದು ಅವನನ್ನು ಬಸ್ಸು ಹತ್ತಿಸಿದಳು.

"ಹೇಳದೆ ಕೇಳದೆ ಬಂದಿದೀರಲ್ಲ!" ಎಂದರು ಜಾನಕಮ್ಮ.

"ದೇವರಿಗೆ ಹೂ ತಂದೆ, ಅತ್ತಿಗೆ. ಏರಿಸಿ ಹೋಗ್ತೀನಿ."

"ಬಸ್ಸಲ್ಲಿ ಹತ್ತು ಜನರನ್ನ ಮುಟ್ಟಿ ಬಂದಿದೀಯ, ಮಡಿಯಿಲ್ಲ ಮೈಲಿಗೆಯಿಲ್ಲ. ಅಲ್ಲಿಡು, ನಾನೇ ಏರಿಸ್ತೀನಿ."

"ಹಾಗಾದ್ರೆ ದೂರದಿಂದಲೇ ಕೈಮುಗೀತೀನಿ. ದೇವರ ಬೀರು ಬಾಗಿಲು ತೆಗೀರಿ."

"ಬೀಗದ ಕೈ ಎಲ್ಲಿಟ್ಟೆನೋ..."

ಅಂಬುಜಾ ಅಲ್ಲಾಡಲಿಲ್ಲ. ಆಗ ಒಳಗಿನಿಂದ ಭಾವನಾ, "ಬೀಗ ಹಾಕಿಲ್ಲ ಅತ್ತೆ. ದೀಪ ಶಾಂತ ಆಗ್ತಿದೆ, ಎಣ್ಣೆ ಹಾಕಬೇಕು" ಎನ್ನುತ್ತ ದೇವರ ಬೀರುವಿನ ಎರಡೂ ಬಾಗಿಲು ತೆರೆದಿಟ್ಟಳು.

ಒಳಗಿದ್ದ ಮುಖವಾಡ ಕಂಡು ಭೋಜರಾಜನ ಬಾಯಿ ತೆರೆಯಿತು. "ಅರೆ! ಇದು ಈ-ಮೇ..."

"ರೀ, ಮೊದಲು ಕೈಮುಗೀರಿ!" ಅಂಬುಜಾ ಅವನ ಪಕ್ಕೆಗೆ ಮೊಣಕೈಯಿಂದ ತಿವಿದಳು.

ಜಾನಕಮ್ಮ ಕುರ್ಚಿಯಲ್ಲಿ ಕುಸಿದರು. "ಆ ಗಲಾಟೇಲಿ ಕಳೆದುಹೋದೀತು ಅಂತ ಜೋಪಾನಕ್ಕೆ ಎತ್ತಿಟ್ಟೆ, ಅಂಬುಜಾ. ಅಷ್ಟರಲ್ಲಿ ಅಮ್ಮ ನಿನ್ನ ಬೈಯೋಕೆ ಶುರುಮಾಡಿದಳು. ಆಮೇಲೆ ಹೇಗೆ ಹೇಳಲಿ? ನೀನು ನೊಂದ್ಕೋತೀಯ ಅಂತ ಸುಮ್ಮನಿದ್ದೆ."

"ನಾನು ನೊಂದ್ಕೋತೀನಿ ಅಂತ!" ಅಂಬುಜಾಳಿಗೆ ನಗುವೂ ಬಂತು, ಅಳುವೂ ಬಂತು. ಕೈಕಾಲು ತೊಳೆದು ಬಂದು, ಯಾರನ್ನೂ ಕೇಳದೆ ಮುಖವಾಡವನ್ನು ಎತ್ತಿ ಸೆರಗಿನಲ್ಲಿಟ್ಟುಕೊಂಡಳು.

"ಈ ಸಲ ಕಳಶ ನಾನೇ ಇಡ್ತೀನಿ, ಅತ್ತಿಗೆ. ನೀವು ಸೊಸೇನ ಕರ್ಕೊಂಡು ಕುಂಕುಮಕ್ಕೆ ಬನ್ನಿ."

ಭಾವನಾ ಕಾಫಿ ಲೋಟ ಕೊಡುವಾಗ ಅಂಬುಜಾ ಅವಳ ಕೈಯನ್ನು ಒಂದು ಕ್ಷಣ ಹಿಡಿದು ಬಿಟ್ಟಳು.

ಬಸ್ ಸ್ಟಾಪಿನಲ್ಲಿ ಭೋಜರಾಜ ತಲೆ ಕೆರೆದುಕೊಂಡ. "ಅದೆಲ್ಲ ಸರಿ ಕಣೇ. ಆ ಫೋಟೋ ಕಳಿಸಿದ್ದು ಯಾರು?"

"ನಿಮಗೆ ಹೇಳಿದ್ರೆ ಇಡೀ ಊರಿಗೆ ಮೇಲ್ ಮಾಡ್ತೀರ. ಬಸ್ ಬಂತು, ಹತ್ತಿ!"