ತಾನೇ ಮುಚ್ಚಿಕೊಂಡ ಬಾಗಿಲು

ನಾಗಮಂಗಲದ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದಷ್ಟು ಕಾಲವೂ ಸಾಕಮ್ಮ ಯಾರ ಮಗುವನ್ನೂ ಕಣ್ಣಳತೆಯಿಂದ ಆಚೆ ಬಿಟ್ಟವಳಲ್ಲ. ಮಗ-ಸೊಸೆಯರ ಜೊತೆ ಚೆನ್ನೈ ನೋಡಲು ಬಂದ ಮರುದಿನ ಬೆಳಿಗ್ಗೆ ಅವರಿಬ್ಬರೂ ಮೈಲಾಪೂರದ ದೇವಸ್ಥಾನಕ್ಕೆ ಹೋಗಿದ್ದರು. ಎರಡು ವರ್ಷದ ಮೊಮ್ಮಗಳು ಮೌನ ಇನ್ನೂ ಮಲಗಿದ್ದಳು. ಬಚ್ಚಲಿನ ಬಕೆಟ್ಟಿಗೆ ಬಿಸಿನೀರು ಬಿಟ್ಟು, ಹೊಸ್ತಿಲು ಬರಿದಾಗಿರಬಾರದೆಂದು ಸಾಕಮ್ಮ ರಂಗೋಲಿ ಪುಡಿ ಹಿಡಿದು ಹೋಟೆಲಿನ ಕೋಣೆಯ ಹೊರಗೆ ಕೂತಳು. ಎರಡು ಎಳೆ ಎಳೆಯುವಷ್ಟರಲ್ಲಿ ಬಾಗಿಲು ತಾನೇ ಮುಚ್ಚಿಕೊಂಡಿತು. ಎಷ್ಟು ತಳ್ಳಿದರೂ ತೆರೆಯಲಿಲ್ಲ.

ಒಳಗೆ ಮಗು ಎದ್ದು ಅತ್ತಿತು. ಆಮೇಲೆ ಅಳು ನಿಂತು, ನೀರಿನ ಸದ್ದು ಮಾತ್ರ ಉಳಿಯಿತು.

ಸಾಕಮ್ಮನ ಕೂಗಿಗೆ ಕೋಣೆ ಗುಡಿಸುವ ಸೆಲ್ವಿ ಓಡಿಬಂದಳು.

"ಕೂಸು ಒಳ್ಗದೆ ಕನವ್ವಾ, ಸುಡೋ ನೀರು ಬುಟ್ಬಂದಿವ್ನಿ."

"ಬಯಪ್ಪಡಾದೀಂಗಮ್ಮಾ," ಎಂದು ತಮಿಳಿನಲ್ಲಿ ಧೈರ್ಯ ಹೇಳಿ, ಸೆಲ್ವಿ ಕೆಳಗಿನ ಕೌಂಟರಿಗೆ ಫೋನ್ ಮಾಡಿದಳು. ಆಮೇಲೆ ನೆಲದ ಮೇಲೆ ಬೋರಲಾಗಿ ಮಲಗಿ, ಬಾಗಿಲಡಿಯ ಸಂದಿಯಲ್ಲಿ ಬೆರಳು ತೂರಿಸಿ ಆಡಿಸಿದಳು.

"ಪಾಪಾ, ಇಂಗ ವಾ."

ಇಲ್ಲಿ ಬಾ ಎಂದು ಸೆಲ್ವಿ ಮಗುವನ್ನು ಕರೆಯುತ್ತಲೇ ಇದ್ದಳು, ಕೊನೆಗೆ ತಲೆಯೆತ್ತಿ ನಕ್ಕಳು. ಒಳಗಿನಿಂದ ಪುಟ್ಟ ಕೈಯೊಂದು ಅವಳ ಬೆರಳು ಹಿಡಿದಿತ್ತು.

ಮ್ಯಾನೇಜರ್ ಬೀಗ ತೆಗೆಯುವ ಕಾರ್ಡು ತಂದು, ಮಗುವಿಗೆ ತಾಗದಂತೆ ಬಾಗಿಲು ತೆರೆದು, ಓಡಿಹೋಗಿ ನಲ್ಲಿ ನಿಲ್ಲಿಸಿದ. ಸೆಲ್ವಿ ಮಗುವನ್ನೆತ್ತಿ ಅಜ್ಜಿಯತ್ತ ಚಾಚಿದಳು. ಸಾಕಮ್ಮ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

"ಕೈ ನಡುಗ್ತವೆ. ಚೂರು ಹೊತ್ತು ನೀನೇ ಎತ್ಕಂಡಿರವ್ವ."